ಎರಡೂ ಬದಿಯ ಪಟ್ಟಿ ತೆಗೆಯಲಾಗಿದೆ

ಶನಿವಾರ ಮಧ್ಯಾಹ್ನ ಆಪರೇಷನ್ ಮುಗಿಸಿ ಕೈ ತೊಳೆದು ಬಂದವನು, ಸೋಮವಾರ ಬರೆಯಬೇಕಾದ ಟಿಪ್ಪಣಿಯನ್ನೂ ಅವತ್ತೇ ಬರೆದಿಟ್ಟೆ. ಇಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತು, ಯಾಕೆಂದರೆ ಅದಕ್ಕೆ ಕಾಗದದ ಸಾಕ್ಷಿ ಇದೆ. ಉಳಿದದ್ದು ನೆನಪು. ನೆನಪು ಎಲ್ಲಿ ನನ್ನ ಪರ ವಕಾಲತ್ತು ಮಾಡುತ್ತಿದೆ ಅನ್ನಿಸುತ್ತದೋ ಅಲ್ಲಿ ಹಾಗೆಂದು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಬೆಳಿಗ್ಗೆ ಊರೊಳಗಿನ ದೊಡ್ಡ ಆಸ್ಪತ್ರೆಯ ಕೆಲಸ, ಸಂಜೆ ಮತ್ತು ಶನಿವಾರ ರಾಜಾಜಿನಗರದ ಆರು ಹಾಸಿಗೆಯ ಒಂದು ನರ್ಸಿಂಗ್ ಹೋಮ್. ಬಸವೇಶ್ವರನಗರದ ಕಡೆ ಸೈಟು ಮಟ್ಟ ಮಾಡುತ್ತಿದ್ದ ಕೆಮ್ಮಣ್ಣು, ಊದುಬತ್ತಿ ಹೊಸೆಯುವ ಮನೆಗಳ ಪುಡಿ, ಮರದ ಮಿಲ್ಲುಗಳ ಹೊಟ್ಟು, ಎಲ್ಲ ಕೊನೆಗೆ ಜನರ ಮೂಗಿಗೆ ಬಂದು ಸೇರುತ್ತಿತ್ತು. ಹೆಚ್ಚಿನವರಿಗೆ ಉಪ್ಪುನೀರು, ಬಿಸಿನೀರಿನ ಹಬೆ, ಒಂದು ವಾರದ ಡ್ರಾಪ್ಸ್ ಸಾಕು. ಆ ಡ್ರಾಪ್ಸನ್ನು ವರ್ಷಗಟ್ಟಲೆ ಹಾಕಿಕೊಂಡು, ಅದರಿಂದಲೇ ಮೂಗು ಕಟ್ಟಿಸಿಕೊಂಡು ಬರುವವರೂ ಇದ್ದರು. ದುರ್ಮಾಂಸ ಬೆಳೆದವರಿಗೆ ತಂತಿಯ ಕುಣಿಕೆ ಹಾಕಿ ಎಳೆದು ತೆಗೆಯುತ್ತಿದ್ದೆ. ಮೂಗಿನ ನಡುಗೋಡೆ ಒಂದು ಕಡೆಗೆ ವಾಲಿ ಉಸಿರಿಗೆ ಅಡ್ಡವಾದವರಿಗೆ ಮಾತ್ರ ಈ ಆಪರೇಷನ್.

ಆ ಶನಿವಾರ ಆಪರೇಷನ್ ಮಾಡಿಸಿಕೊಂಡ ಹೆಂಗಸಿನ ನಡುಗೋಡೆ ಬಲಕ್ಕೆ ವಾಲಿತ್ತು. ದಾವಣಗೆರೆ ಕಡೆಯವರು. ಅಣ್ಣ ಅತ್ತಿಗೆಯ ಜೊತೆ ಕುರುಬರಹಳ್ಳಿಯಲ್ಲಿದ್ದು, ವಿಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಆಗಬೇಕಿತ್ತು. "ಬಾಯಾಗೇ ಉಸಿರಾಡಿ ಉಸಿರಾಡಿ ಮಗ್ಗಿ ಹೇಳಿಸೋಕೆ ಗಂಟಲೇ ಇರಲ್ಲರೀ," ಅಂದಿದ್ದರು. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ.

ಮೂಗಿಗೆ ಮಾತ್ರ ಮರಗಟ್ಟುವ ಔಷಧಿ ಕೊಟ್ಟು ಮಾಡುವ ಕೆಲಸ ಅದು. ರೋಗಿ ಎಚ್ಚರವಾಗಿರುತ್ತಾರೆ, ಕಣ್ಣಿನ ಮೇಲೆ ಒಂದು ಟವೆಲ್. ಒಳಪೊರೆಯನ್ನು ಸೀಳಿ, ಎಲುಬಿನಿಂದ ಬಿಡಿಸಿ, ಡೊಂಕಾದ ಭಾಗವನ್ನಷ್ಟೇ ಕಿತ್ತು, ಪೊರೆಯನ್ನು ಮತ್ತೆ ಮುಚ್ಚಬೇಕು. ಅದು ಅಂಟಿಕೊಳ್ಳಲು, ರಕ್ತ ನಿಲ್ಲಲು, ಎಣ್ಣೆಯಲ್ಲಿ ಅದ್ದಿದ ಗಾಜ್ ಪಟ್ಟಿಯನ್ನು ಎರಡೂ ಹೊಳ್ಳೆಗೆ ಪದರ ಪದರವಾಗಿ ತುಂಬಿ ಎರಡು ದಿನ ಬಿಡಬೇಕು. ನಮ್ಮಲ್ಲಿ ಪಟ್ಟಿ ಕೊಳ್ಳುತ್ತಿರಲಿಲ್ಲ. ಬ್ಯಾಂಡೇಜ್ ಬಟ್ಟೆಯನ್ನು ಸಿಸ್ಟರ್ ಉದ್ದಕ್ಕೆ ಕತ್ತರಿಸಿ, ಡ್ರಮ್ಮಿನಲ್ಲಿ ಹಬೆಗಿಟ್ಟು ಕೊಡುತ್ತಿದ್ದರು. ಕೆಂಗೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ಹತ್ತು ವರ್ಷ ಹಿರಿಯ ಹೆಂಗಸು. ಆ ಶನಿವಾರ ಎಡಗಡೆ ತುಂಬಿ ಮುಗಿಸಿ ಬಲಕ್ಕೆ ಕೈ ಚಾಚಿದೆ.

"ಉದ್ದದ್ದು ಮುಗೀತು ಸಾರ್. ತುಂಡಿದೆ, ಎರಡು."

"ತುಂಡೇ ಕೊಡಿ."

ತುಂಡು ಹಾಕಿದರೆ ಪ್ರತಿಯೊಂದಕ್ಕೂ ಒಂದು ದಾರ ಕಟ್ಟಿ, ಅದರ ತುದಿಯನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸಬೇಕು. ನಾನು ಹೊರಗಿನದಕ್ಕೆ ಕಟ್ಟಿದೆ. ಒಳಗಿನದಕ್ಕೆ ಕಟ್ಟಲಿಲ್ಲ. ಹೊರಗಿನದು ತೆಗೆದ ಮೇಲೆ ಒಳಗಿನದು ಕಣ್ಣಿಗೆ ಬೀಳದೆ ಎಲ್ಲಿ ಹೋದೀತು ಅಂದುಕೊಂಡೆ. ಅಂದುಕೊಂಡೆನೋ, ಆಮೇಲೆ ಆ ಜಾಗಕ್ಕೆ ಈ ಯೋಚನೆಯನ್ನು ತಂದು ಕೂರಿಸಿದೆನೋ ಗೊತ್ತಿಲ್ಲ. ಏನೂ ಅಂದುಕೊಳ್ಳದೆ ತುರುಕಿರುವ ಸಂಭವವೇ ಹೆಚ್ಚು.

ಆಮೇಲೆ ಕೇಸ್ ಶೀಟ್. ನನ್ನ ಪೆನ್ನು ಸೋರಿ ಜೇಬು ಹಾಳಾಗಿತ್ತು. ಸಿಸ್ಟರ್ ಹತ್ತಿರವಿದ್ದ ಹಸಿರು ಇಂಕಿನ ಪೆನ್ನು ತೆಗೆದುಕೊಂಡು ಶನಿವಾರದ್ದು ಬರೆದೆ. ಅದೇ ಕೈಯಲ್ಲಿ ಭಾನುವಾರದ್ದು: ಜ್ವರವಿಲ್ಲ, ರಕ್ತಸ್ರಾವವಿಲ್ಲ. ಸೋಮವಾರದ್ದು: ಎರಡೂ ಬದಿಯ ಪಟ್ಟಿ ತೆಗೆಯಲಾಗಿದೆ, ಮನೆಗೆ ಕಳಿಸಲಾಗಿದೆ. ಎಲ್ಲ ಇಂಗ್ಲಿಷಿನಲ್ಲಿ. ಇದು ನನ್ನೊಬ್ಬನ ಚಾಳಿಯಲ್ಲ. ಅಲ್ಲಿ ಬಂದುಹೋಗುವ ಡಾಕ್ಟರುಗಳೆಲ್ಲ ಹೀಗೇ ಮಾಡುತ್ತಿದ್ದೆವು. ಬೆಳಿಗ್ಗೆ ದೊಡ್ಡ ಆಸ್ಪತ್ರೆಗೆ ಓಡುವ ಅವಸರದಲ್ಲಿ ಬರೆಯಲು ಪುರುಸೊತ್ತಿರುವುದಿಲ್ಲ, ಕಾಗದ ತಯಾರಿದ್ದರೆ ಎಲ್ಲರಿಗೂ ಸಲೀಸು. ಎಲ್ಲರೂ ಮಾಡುತ್ತಿದ್ದರು ಅನ್ನುವುದೂ ನನ್ನ ಪರದ ವಕಾಲತ್ತೇ.

ಸೋಮವಾರ ಬೆಳಿಗ್ಗೆ ಪಟ್ಟಿ ತೆಗೆಯುವಾಗ ಕರೆಂಟ್ ಹೋಗಿತ್ತು. ದೀಪವಿಲ್ಲದೆ, ಮೂಗಿನೊಳಕ್ಕೆ ಬೆಳಕು ಬೀಳಿಸಲು ಹಣೆಗೆ ಕಟ್ಟಿಕೊಳ್ಳುವ ಕನ್ನಡಿಗೆ ಬೆಳಕು ಸಿಗಲಿಲ್ಲ. ಬಹಳ ದಿನ ನನಗಿದ್ದ ನೆನಪು ಇದು. ಕಿಟಕಿಯ ಬೂದು ಬೆಳಕು, ಟೀಚರ ಕೈಯಲ್ಲಿ ಟ್ರೇ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಒಮ್ಮೆ ಇದನ್ನು ಸಿಸ್ಟರ್ ಮುಂದೆ ಹೇಳಿದೆ. "ಕರೆಂಟ್ ಇತ್ತಲ್ಲ ಸಾರ್," ಅಂದರು. "ನಾನು ಪಕ್ಕದ ರೂಮಲ್ಲಿ ಸಿರಿಂಜು ಕುದಿಸ್ತಾ ಇದ್ದೆ. ಕರೆಂಟ್ ಒಲೆ ಅಲ್ವಾ ನಮ್ದು?" ಅಂದರೆ ದೀಪವಿತ್ತು. ಎಡದಿಂದ ಉದ್ದದ ಪಟ್ಟಿ ಎಳೆದೆ, ಬಲದಿಂದ ದಾರ ಹಿಡಿದು ತುಂಡನ್ನು ಎಳೆದೆ, ಕಣ್ಣಲ್ಲಿ ನೀರು ಬಂತು ಟೀಚರಿಗೆ. ಒಳಗೆ ನೋಡಲಿಲ್ಲ. ಸ್ಕೂಟರ್ ಹತ್ತಿ ಹೋದೆ.

ಮೂರು ವಾರದ ಮೇಲೆ ಟೀಚರ್ ಒಬ್ಬರೇ ಬಂದರು. ಮೂಗಿಗೆ ಸೀರೆ ಸೆರಗು.

"ಬಲಗಡೆಯಿಂದ ಕೆಟ್ಟ ವಾಸನೆ ಐತಂತ್ರೀ."

"ಐತಂತೆ ಅಂದ್ರೆ? ನಿಮಗೆ ಬರಲ್ವಾ?"

"ಮೊದಮೊದಲು ಬಂತು. ಈಗ ಯಾವ ವಾಸನೆನೂ ಗೊತ್ತಾಗಲ್ಲ. ಮಕ್ಕಳ ಮುಖ ನೋಡಿದ್ರೆ ಗೊತ್ತಾಗುತ್ತೆ. ಸ್ಲೇಟು ತಿದ್ದೋಕೆ ಅಂತ ಬಗ್ಗಿದ್ರೆ ಸ್ಲೇಟನ್ನೇ ಮುಖಕ್ಕೆ ಅಡ್ಡ ಹಿಡೀತಾವೆ."

ಒಳಗೆ ಹಸಿರು ಹಳದಿ ಹಕ್ಕಳೆ, ಅದರ ಸುತ್ತ ಕೀವು. ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದದ್ದು ನನಗೆ ಕಂಡಿತು, ಟೀಚರಿಗೂ ಕಂಡಿರಬೇಕು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ, ಮಕ್ಕಳಾದರೆ, ನಾನು ಮೊದಲು ಹುಡುಕುತ್ತಿದ್ದದ್ದು ಕಡಲೆಕಾಳು, ಮಣಿ, ಹುಣಸೆಬೀಜ. ವಾರಕ್ಕೊಂದಾದರೂ ತೆಗೆಯುತ್ತಿದ್ದೆ. ದೊಡ್ಡವರಾದ್ದರಿಂದ ಸೈನಸ್ ಅಂದೆ: ಕೆನ್ನೆಯ ಮೂಳೆಯೊಳಗಿನ ಪೊಳ್ಳಿನಲ್ಲಿ ಕೀವು ಕಟ್ಟಿದೆ.

ಆಗ ಅವರು ಹೇಳಿದರು. ಬೇರೆ ದಿನ ಹೇಳಿದ್ದರು ಎಂದುಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಇಲ್ಲ, ಆ ಮೊದಲ ದಿನವೇ.

"ಡಾಕ್ಟರೇ, ನೀವು ತುಂಬಬೇಕಾದ್ರೆ ನಾನು ಎಣಿಸ್ತಾ ಇದ್ದೆ. ಭಯಕ್ಕೆ. ಎಡಕ್ಕೆ ಒಂದು, ಬಲಕ್ಕೆ ಎರಡು. ಸೋಮವಾರ ಎಡದಿಂದ ಒಂದು ಬಂತು, ಬಲದಿಂದನೂ ಒಂದೇ ಬಂತಲ್ರೀ?"

"ಕಣ್ಣಿನ ಮೇಲೆ ಬಟ್ಟೆ ಇತ್ತಲ್ಲಮ್ಮ. ಹಾಗನಿಸಿರುತ್ತೆ."

"ಕಣ್ಣಿನ ಮೇಲಿತ್ತು. ಮೂಗಲ್ಲಿ ಗೊತ್ತಾಗಲ್ವಾ?"

ನಾನು ಕೇಸ್ ಶೀಟ್ ತೆಗೆದು ಅವರ ಕಡೆ ತಿರುಗಿಸಿದೆ. ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು ಓದಿ, ಕನ್ನಡದಲ್ಲೂ ಹೇಳಿದೆ. "ನೋಡಿ, ಎರಡೂ ಬದಿಯ ಪಟ್ಟಿ ತೆಗೆಯಲಾಗಿದೆ. ಬರೆದಿದೆ." ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವು ನನಗಿರಲಿಲ್ಲ. ಕಾಗದವನ್ನು ನಾನು ನಿಜವಾಗಿಯೂ ನಂಬಿದೆ. ಟೀಚರ್ ಆ ಸಾಲನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಅಕ್ಷರ ಅಕ್ಷರವಾಗಿ ನೋಡಿದರು. "ಬರೆದಿದ್ದೀರಿ ಅಂದ್ಮೇಲೆ ಸರಿ," ಅಂದರು.

ಎಕ್ಸ್-ರೇಯಲ್ಲಿ ಬಲಗೆನ್ನೆಯ ಸೈನಸ್ ಎಡದ್ದಕ್ಕಿಂತ ಮಸುಕಾಗಿ ಬಂತು. ನನ್ನ ಊಹೆಗೆ ಬೆಂಬಲ ಸಿಕ್ಕಿತು. ಮೂಗಿನ ದಾರಿ ಕಟ್ಟಿದರೆ ಆರೋಗ್ಯವಂತ ಸೈನಸ್ ಕೂಡ ಮಸುಕಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಸೈನಸ್ ತೊಳೆಯುವುದು ಎಂದು ತೀರ್ಮಾನವಾಯಿತು. ಮೂಗಿನೊಳಗೆ ಕೆಳಗಿನ ಸುರುಳಿ ಎಲುಬಿನ ಅಡಿ ದಪ್ಪ ಸೂಜಿಯನ್ನಿಟ್ಟು ಕಿವಿಯ ದಿಕ್ಕಿಗೆ ಒತ್ತಬೇಕು. ತೆಳು ಎಲುಬು ಕರಕ್ ಎಂದು ಒಡೆಯುತ್ತದೆ. ನೋವನ್ನು ಮರಗಟ್ಟಿಸಬಹುದು, ಆ ಸದ್ದನ್ನಲ್ಲ. ಆಮೇಲೆ ರಬ್ಬರ್ ಬುರುಡೆ ಹಿಂಡಿ ಉಗುರುಬೆಚ್ಚಗಿನ ಉಪ್ಪುನೀರು ಬಿಟ್ಟರೆ, ಬಗ್ಗಿದವರ ಮೂಗಿನಿಂದ ಟ್ರೇಗೆ ಬಂದು ಬೀಳುತ್ತದೆ.

ಮೊದಲ ಸಲ ಸ್ವಲ್ಪ ಕೀವು ಬಂತು. ಮುಂದಿನ ವಾರ ತೊಳೆದಾಗ ತಿಳಿನೀರು. ಅದರ ಮುಂದಿನ ವಾರವೂ ತಿಳಿನೀರು. ಆದರೆ ಕೋಣೆಯಲ್ಲಿ ವಾಸನೆ ಹಾಗೇ. ಬಂದ ನೀರು ತಿಳಿಯಾಗಿದೆ ಎಂದರೆ ಕೀವಿರುವುದು ಸೈನಸ್ಸಿನಲ್ಲಿ ಅಲ್ಲ, ಅಷ್ಟು ಸರಳ. ನಾನು ಟ್ರೇ ನೋಡಿ, "ಕ್ಲೀನಾಗಿದೆ, ವಾಸಿಯಾಗ್ತಿದೆ" ಅಂದೆ.

ಟೀಚರ್ ಬಾಯಿ ಮುಕ್ಕಳಿಸಿ ಬಂದು ಕೂತರು. "ನನ್ನನ್ನ ರಜೆ ಮೇಲೆ ಹಾಕಿದಾರ್ರೀ. ಇಬ್ಬರು ತಾಯಂದಿರು ಬಂದು ಗಲಾಟೆ ಮಾಡಿದ್ರಂತೆ. ಅಂಟುರೋಗ ಅಲ್ಲ, ಪೂರ್ತಿ ವಾಸಿಯಾಗಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತಂದ್ರೆ ವಾಪಸ್ ತಗೋತೀವಿ, ತಿಂಗಳು ಮುಗಿಯೋದರೊಳಗೆ ಅಂತ ಹೆಡ್ ಮಿಸ್ ಹೇಳಿದಾರೆ. ಆಮೇಲೆ ಬೇರೆಯವರನ್ನ ನೋಡ್ಕೋತಾರೆ."

ತಿಂಗಳು ಮುಗಿಯಲು ಎಂಟು ದಿನವಿತ್ತು.

ಅವರು ಹೋದ ಮೇಲೆ ಶೀಟಿನಲ್ಲಿ ಮೂರನೇ ತೊಳೆತದ ಟಿಪ್ಪಣಿ ಬರೆಯಲು ಕೂತೆ. ನನ್ನ ಪೆನ್ನಿನ ನೀಲಿ ಇಂಕು. ಬರೆದು ಮುಗಿಸಿ, ಒಣಗಲಿ ಎಂದು ಸುಮ್ಮನೆ ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿದೆ. ಶನಿವಾರ ಹಸಿರು. ಭಾನುವಾರ ಹಸಿರು. ಸೋಮವಾರವೂ ಹಸಿರು. ಆ ಹಸಿರು ಪೆನ್ನು ಶನಿವಾರ ಒಂದು ಗಂಟೆ ಮಾತ್ರ ನನ್ನ ಕೈಯಲ್ಲಿತ್ತು.

ನಾನು ಆಕೆಗೆ ಬೆರಳಿಟ್ಟು ತೋರಿಸಿದ ಸಾಲು, ಪಟ್ಟಿಗಳಿನ್ನೂ ಆಕೆಯ ಮೂಗಿನಲ್ಲೇ ಇದ್ದಾಗ ಬರೆದದ್ದು.

ಮಾರನೆಯ ದಿನ ಅವರಿಗೆ ಹೇಳಿಕಳಿಸಿದೆ. ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ ಹಕ್ಕಳೆ ಸಡಿಲವಾಗುವವರೆಗೆ ಕಾದೆ. ಹೀರುಕೊಳವೆಯಿಂದ ಕೀವು ತೆಗೆದು, ಮರಗಟ್ಟುವ ಔಷಧಿ ಹಾಕಿ, ಸಲಾಕೆಯನ್ನು ಸುರುಳಿ ಎಲುಬಿನ ಮೇಲಿಂದ ಹಿಂದಕ್ಕೆ ಸರಿಸಿದೆ. ಎಲುಬಲ್ಲದ, ಮಾಂಸವಲ್ಲದ ಏನೋ ಒಂದು ತುದಿಗೆ ಸಿಕ್ಕಿಕೊಂಡಿತು. ಉದ್ದ ಮೂತಿಯ ಚಿಮುಟದಿಂದ ಹಿಡಿದು ಎಳೆದೆ. ಗೇಣುದ್ದದ ಕಪ್ಪು ಹಸಿರು ಬಟ್ಟೆ ಬಂತು. ಅದರ ಒಂದು ಅಂಚು ಮಾತ್ರ ಕತ್ತರಿ ತಾಗದ ನೇಯ್ಗೆಯ ಅಂಚು. ವಾಸನೆಗೆ ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಎದ್ದುಹೋದರು.

ಟೀಚರ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. "ಏನ್ರೀ ಅದು?"

ಹೇಳಬೇಕಾದ ಉತ್ತರ ಆ ಕ್ಷಣ ನನ್ನ ಕೈಯಲ್ಲೇ ಇತ್ತು, ಚಿಮುಟದ ಮೂತಿಯಲ್ಲಿ. ನಾನು ಅದನ್ನು ಟ್ರೇಯೊಳಗೆ ಹಾಕಿ ಮೇಲೆ ಹತ್ತಿ ಮುಚ್ಚಿದೆ. "ಒಳಗೆ ಗಟ್ಟಿಯಾದ ಹಕ್ಕಳೆ ಇತ್ತು. ಬಂತು. ಇನ್ನು ಸರಿಹೋಗುತ್ತೆ."

ಸಿಸ್ಟರ್ ಟ್ರೇ ಎತ್ತಿಕೊಂಡು ಹೋದರು. ಆಮೇಲೆ ಬಂದು ಬಾಗಿಲಲ್ಲಿ ನಿಂತರು.

"ಅದು ನಾನು ಕತ್ತರಿಸಿದ ಪಟ್ಟಿ ಸಾರ್. ಅಂಚು ನೋಡಿದ್ರೆ ಗೊತ್ತಾಗುತ್ತೆ."

"ಗೊತ್ತು."

"ವಿಷಯ ಹೊರಗೆ ಬಂದ್ರೆ ನಾನು ತುಂಡು ಕೊಟ್ಟೆ ಅಂತ ಆಗುತ್ತಾ?"

"ನಿಮ್ಮ ಹೆಸರು ಬರಲ್ಲ ಸಿಸ್ಟರ್," ಅಂದೆ. ಅಂದು, ಅವರ ಕೆಲಸ ಉಳಿಸಲೆಂದೇ ನಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಐದಾರು ದಿನ ನನಗೆ ನಾನೇ ಹೇಳಿಕೊಂಡೆ. ಅದು ಎಷ್ಟು ಸೊಗಸಾದ ನೆಪವೆಂದರೆ, ಅದರಲ್ಲಿ ನಾನು ದೊಡ್ಡ ಮನುಷ್ಯನ ಹಾಗೆ ಕಾಣುತ್ತಿದ್ದೆ.

ನಾಲ್ಕನೇ ದಿನ ಟೀಚರ್ ನಗುತ್ತ ಬಂದರು. "ಡಾಕ್ಟರೇ, ಬೆಳಿಗ್ಗೆ ಎದುರುಮನೆ ಒಗ್ಗರಣೆ ವಾಸನೆ ಬಂತ್ರೀ! ಅತ್ತಿಗೆನ್ನ ಎಬ್ಬಿಸಿ ಹೇಳಿದೆ, ಹುಚ್ಚಿ ಅಂದ್ಲು." ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಊರಿಂದ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ. ನಾನು ಸರ್ಟಿಫಿಕೇಟ್ ಬರೆದುಕೊಟ್ಟೆ: ಬಲಗಡೆಯ ಸೈನಸ್ ಸೋಂಕು, ಅಂಟುರೋಗವಲ್ಲ, ಈಗ ಪೂರ್ಣ ಗುಣವಾಗಿದೆ. ಸಿಸ್ಟರಿಗೆ ಒಂದು ಚಮಚ ಪುಡಿ ಕೊಡಲು ಹೋದರೆ, "ನನಗೆ ಬೇಡ ಸಾರ್," ಅಂದರು. ನಾನು ತಿಂದೆ. ಚೆನ್ನಾಗಿತ್ತು. ಅದನ್ನೂ ಬರೆಯಬೇಕು.

ಎರಡು ದಿನ ಬಿಟ್ಟು ಟೀಚರ್ ಅದೇ ಕಾಗದವನ್ನು ಹಿಡಿದುಕೊಂಡು ಬಂದರು.

"ಆಗಲಿಲ್ರೀ. ಸೈನಸ್ ಅಂದ್ರೆ ಹೋಗೋ ಕಾಯಿಲೆನೇ ಅಲ್ಲಮ್ಮ, ನಮ್ಮತ್ತೆಗೆ ಇಪ್ಪತ್ತು ವರ್ಷದಿಂದ ಇದೆ, ಮಳೆಗಾಲ ಬಂದ್ರೆ ಮತ್ತೆ ಶುರುವಾಗುತ್ತೆ ಅಂದ್ರು ಹೆಡ್ ಮಿಸ್. ಮತ್ತೆ ಬರಲ್ಲ ಅಂತ ಗ್ಯಾರಂಟಿ ಬರೆಸ್ಕೊಂಡು ಬಾ ಅಂದ್ರು. ಬರೆದುಕೊಡ್ತೀರಾ?"

ಸೈನಸ್ ಎಂದು ಬರೆದ ಮೇಲೆ ಮತ್ತೆ ಬರುವುದಿಲ್ಲ ಎಂದು ಯಾವ ಡಾಕ್ಟರೂ ಬರೆಯಲಾರ. ಮತ್ತೆ ಬರಲು ಆಕೆಗೆ ಕಾಯಿಲೆಯೇ ಇರಲಿಲ್ಲ ಎಂದು ಬರೆಯಬಹುದಿತ್ತು. ಬರೆಯಬಲ್ಲವನು ನಾನೊಬ್ಬನೇ. ಸಿಸ್ಟರ್ ಗೋಡೆಯ ಕಡೆ ತಿರುಗಿ ಹತ್ತಿ ಮಡಿಸುತ್ತಿದ್ದರು, ಮಡಿಸುವುದು ನಿಂತಿತ್ತು.

ಹೇಳಿದೆ. ಎಷ್ಟು ವಾಕ್ಯಗಳಲ್ಲಿ ಹೇಳಿದೆನೋ ನೆನಪಿಲ್ಲ. ನೆನಪಿದ್ದರೆ ಈಗ ಅದನ್ನು ತಿದ್ದಿ ಚಂದ ಮಾಡುತ್ತಿದ್ದೆ.

ಟೀಚರ್ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟರು. "ಹಂಗಾದ್ರೆ ನಾನು ಸರಿಯಾಗೇ ಎಣಿಸಿದ್ದೆ," ಅಂದರು.

"ಹೌದು."

"ನಾನೇ ತಪ್ಪೆಣಿಸಿದೆ ಅಂದ್ಕೊಂಡಿದ್ದೆ. ಮಕ್ಕಳಿಗೆ ಎಣಿಸೋದು ಕಲಿಸೋಳು." ದನಿ ಏರಲಿಲ್ಲ. "ಮೂರು ಸಲ ಎಲುಬು ಒಡೆದ್ರಲ್ರೀ. ನಿಮ್ಮ ಬಟ್ಟೆ ಒಳಗಿಟ್ಕೊಂಡು."

ಆಕೆ ಎದ್ದರು. ಬಾಗಿಲ ತನಕ ಹೋಗಿ ತಿರುಗಿ, "ನಮ್ಮಮ್ಮನ ಡಬ್ಬಿ ಕೊಡ್ರೀ," ಅಂದರು. ಅರ್ಧ ಖಾಲಿಯಾಗಿದ್ದ ಡಬ್ಬಿಯನ್ನು ಸಿಸ್ಟರ್ ತಂದು ಕೊಟ್ಟರು. ಟೀಚರ್ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಚೀಲಕ್ಕೆ ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ, ತಿಂಗಳ ಕೊನೆಯ ದಿನ, ದೊಡ್ಡ ಆಸ್ಪತ್ರೆಗೆ ರಜೆ ಹೇಳಿ ವಿಜಯನಗರದ ಶಾಲೆಗೆ ಹೋದೆ. ಕನ್ನಡದಲ್ಲೇ ಬರೆದ ಎರಡನೇ ಸರ್ಟಿಫಿಕೇಟ್ ಜೇಬಿನಲ್ಲಿತ್ತು: ಆಪರೇಷನ್ ಮಾಡಿದಾಗ ಮೂಗಿನಲ್ಲಿಟ್ಟ ಬಟ್ಟೆಯ ತುಂಡೊಂದನ್ನು ತೆಗೆಯದೆ ಬಿಟ್ಟದ್ದು ನಾನು. ವಾಸನೆ ಅದರದ್ದು. ಈಕೆಗೆ ಯಾವ ರೋಗವೂ ಇರಲಿಲ್ಲ, ಈಗಲೂ ಇಲ್ಲ. ಟೀಚರ್ ಗೇಟಿನ ಹತ್ತಿರ ನಿಂತಿದ್ದರು. ನಾನು ಬರುತ್ತೇನೆಂದು ಸಿಸ್ಟರ್ ಹೇಳಿಕಳಿಸಿದ್ದರಂತೆ.

ಹೆಡ್ ಮಿಸ್ ಕಾಗದವನ್ನು ಎರಡು ಸಲ ಓದಿದರು. ಡ್ರಾಯರಿನಿಂದ ಒಂದು ಹಾಳೆ ತೆಗೆದು ಪಕ್ಕದಲ್ಲಿಟ್ಟರು. ಮೊದಲ ಸರ್ಟಿಫಿಕೇಟಿನ ನಕಲು. ಗುಮಾಸ್ತರ ಕೈಲಿ ಮಾಡಿಸಿಟ್ಟಿದ್ದರು.

"ಡಾಕ್ಟರೇ, ಇದೂ ನಿಮ್ಮದೇ, ಅದೂ ನಿಮ್ಮದೇ. ನಾನು ಯಾವುದನ್ನ ನಂಬಲಿ ಹೇಳಿ."

"ಎರಡನೆಯದು."

"ಹೋದ ವಾರ ಬಂದಿದ್ರೆ ಮೊದಲನೆಯದನ್ನ ನಂಬಿ ಅಂತಿದ್ರಿ." ಅವರು ಕೆಟ್ಟ ಹೆಂಗಸಲ್ಲ. ಟೀಚರ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಮೇಲೆ ಕನಿಕರಕ್ಕೆ ಡಾಕ್ಟರು ಬರೆದುಕೊಟ್ಟಿದಾರೆ ಅಂತ ಕಮಿಟಿಯವರು ಅಂತಾರಮ್ಮ. ತಮ್ಮ ತಪ್ಪನ್ನ ಯಾವ ಡಾಕ್ಟರ್ ಹೀಗೆ ಬರೆದುಕೊಡ್ತಾರೆ? ಅಲ್ಲದೆ ನಿನ್ನೆಯಿಂದ ಒಬ್ಬರು ಬರ್ತಾ ಇದಾರೆ."

ಕಿಟಕಿಯಾಚೆ ಒಂದನೇ ಕ್ಲಾಸಿನ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಹೇಳಿಸುತ್ತಿದ್ದ ದನಿ ಹೊಸದು. ಟೀಚರ್ ಒಂದು ನಿಮಿಷ ಕೇಳಿಸಿಕೊಂಡು, ಹೆಡ್ ಮಿಸ್‌ಗೆ ಕೈ ಮುಗಿದು ಹೊರಟರು. ಸ್ಕೂಟರಿನಲ್ಲಿ ಬಿಡುತ್ತೇನೆ ಅಂದೆ. ಬಸ್ಸಿದೆ ಅಂದರು.

ಎರಡು ವರ್ಷದ ಮೇಲೆ, ಒಂದು ಸಂಜೆ, ಅವರು ಅಣ್ಣನ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಮೂಗಿನಲ್ಲಿ ಕಡಲೆಕಾಳು. ಅಷ್ಟೇನೂ ದೂರವಲ್ಲದ ಕಡೆ ಬೇರೆ ಇಬ್ಬರು ಮೂಗಿನ ಡಾಕ್ಟರುಗಳು ಆ ಹೊತ್ತಿಗೆ ಬಂದಿದ್ದರು. ನನ್ನಲ್ಲಿಗೇ ಯಾಕೆ ಬಂದರೆಂದು ಕೇಳುವ ಧೈರ್ಯವಾಗಲಿಲ್ಲ. ಈಗ ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತೇನೆ ಅಂದರು, ನಾನು ಕೇಳದೆಯೇ. ಸಿಸ್ಟರ್ ಮಗುವಿನ ತಲೆ ಹಿಡಿದುಕೊಂಡರು. ಕೊಕ್ಕೆ ತೂರಿಸಿ ಕಾಳನ್ನು ಮುಂದಕ್ಕೆ ಉರುಳಿಸಿ ತೆಗೆದೆ. ನೆಂದು ಉಬ್ಬಿತ್ತು.

"ಎಷ್ಟು ಹಾಕ್ಕೊಂಡೆ ಪುಟ್ಟಿ?" ಅಂತ ಟೀಚರ್ ಕೇಳಿದರು. ಮಗು ಎರಡು ಬೆರಳು ತೋರಿಸಿತು. ಆಮೇಲೆ ಮೂರು. ಆಮೇಲೆ ಮುಖ ಮುಚ್ಚಿಕೊಂಡಿತು.

ನಾನು ಎರಡೂ ಹೊಳ್ಳೆ ನೋಡಿದೆ. ಮತ್ತೊಮ್ಮೆ ನೋಡಿದೆ. "ಇನ್ನೇನೂ ಇಲ್ಲ," ಅಂದೆ.

"ನಾನು ನೋಡ್ಲಾ?"

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಟಾರ್ಚನ್ನು ಟೀಚರ ಕೈಗೆ ಕೊಟ್ಟು, ಮಗುವಿನ ಹೊಳ್ಳೆಯನ್ನು ಮೂಗು ಅಗಲಿಸುವ ಇಕ್ಕಳದಿಂದ ಅಗಲಿಸಿ ಹಿಡಿದು, ನನ್ನ ತಲೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದೆ. ಅವರು ಬಗ್ಗಿದರು. ಬಲಗಡೆ ನೋಡಿದರು. ಎಡಗಡೆ ನೋಡಿದರು. ಅವಸರ ಮಾಡಲಿಲ್ಲ. ನನ್ನ ಕೈ ಸೋಲುವವರೆಗೂ ನೋಡಿದರು, ನಾನು ಹಿಡಿದುಕೊಂಡೇ ಇದ್ದೆ.